ಪೇರಲವೋ ಅಗಸಿಯೋ? ಅಳತೆ ಬಲ್ಲವರ ಎಂಟು ಸೂತ್ರಗಳು

ಹಂಗಾಮು ಬಂತೆಂದರೆ ಹುಬ್ಬಳ್ಳಿಯ ನವನಗರದಲ್ಲಿ ಚಿಗರಿ ಬಸ್ ಇಳಿದು ಮನೆಗೆ ಹೊರಟವರ ಚೀಲದಲ್ಲಿ ಪೇರಲ ಘಮಘಮಿಸುತ್ತದೆ. ಅಡುಗೆಮನೆಯ ಡಬ್ಬಿಯಲ್ಲಂತೂ ಅಗಸಿ ಹಿಂಡಿ ವರ್ಷವಿಡೀ ಇದ್ದದ್ದೇ. ಒಂದು ಹಣ್ಣು, ಒಂದು ಬೀಜ. ಇವೆರಡರಲ್ಲಿ ಯಾವುದರ ಸತ್ವ ಹೆಚ್ಚು ಎಂಬ ಪ್ರಶ್ನೆ ಈಗ ಮನೆಮನೆಯಲ್ಲೂ ಕೇಳಿಬರುತ್ತದೆ. ಉತ್ತರ ಅಡಗಿರುವುದು ಅಳತೆಯಲ್ಲಿ. ಅಳತೆ ಸರಿಯಾಗಿ ಹಿಡಿದ ಮನೆ ಆರೋಗ್ಯದಲ್ಲಿ ಅರ್ಧ ಗೆದ್ದಂತೆ. ಉಳಿದ ಅರ್ಧಕ್ಕೆ ಈ ಎಂಟು ಸೂತ್ರಗಳು.

1. ನೂರು ಗ್ರಾಂ ಲೆಕ್ಕವನ್ನು ಮೊದಲು ಓದಿ, ಅಲ್ಲೇ ನಿಲ್ಲಬೇಡಿ.
ನೂರು ಗ್ರಾಂ ಪೇರಲದಲ್ಲಿ ಸುಮಾರು 68 ಕ್ಯಾಲೊರಿ, ಅಷ್ಟೇ ತೂಕದ ಅಗಸಿಯಲ್ಲಿ ಸುಮಾರು 534. ನಾರಿನಂಶ ಪೇರಲದಲ್ಲಿ 5 ಗ್ರಾಂಗಿಂತ ತುಸು ಹೆಚ್ಚು, ಅಗಸಿಯಲ್ಲಿ 27. ಪ್ರೋಟೀನ್ ಪೇರಲದಲ್ಲಿ ಒಂದೆರಡು ಗ್ರಾಂ, ಅಗಸಿಯಲ್ಲಿ 18. ಕಾಗದದ ಮೇಲೆ ಅಗಸಿಯದೇ ಗೆಲುವು. ಇದಕ್ಕೆ ಕಾರಣ ಸರಳ: ಪೇರಲದ ತೂಕದಲ್ಲಿ ನೂರಕ್ಕೆ 80ರಷ್ಟು ನೀರೇ ಇದೆ, ಅಗಸಿಯಲ್ಲಿ ನೀರು ನೂರಕ್ಕೆ ಏಳರಷ್ಟು. ಹಣ್ಣು ನೀರು ತುಂಬಿಕೊಂಡು ಬೆಳೆಯುತ್ತದೆ. ಬೀಜ ಮುಂದಿನ ಸಸಿಗೆ ಬುತ್ತಿ ಕಟ್ಟಿಕೊಂಡು ಒಣಗುತ್ತದೆ.

2. ತಾಟಿಗೆ ಬೀಳುವಷ್ಟನ್ನೇ ತೂಗಿ.
ನೂರು ಗ್ರಾಂ ಅಗಸಿಯನ್ನು ಯಾರೂ ಒಂದೇ ಹೊತ್ತಿಗೆ ತಿನ್ನುವುದಿಲ್ಲ. ರೊಟ್ಟಿಯ ಪಕ್ಕಕ್ಕೆ ಬೀಳುವುದು ಒಂದು ದೊಡ್ಡ ಚಮಚ ಪುಡಿ, ಅಂದರೆ ಸುಮಾರು 7 ಗ್ರಾಂ. ಅದರಲ್ಲಿ ನಾರು ಎರಡು ಗ್ರಾಂ ಮಾತ್ರ. 150 ಗ್ರಾಂ ತೂಗುವ ಒಂದು ಪೇರಲ ತಿಂದರೆ ನಾರು ಎಂಟು ಗ್ರಾಂ ಸಿಗುತ್ತದೆ. ನೂರು ಗ್ರಾಂ ಲೆಕ್ಕದಲ್ಲಿ ಐದು ಪಟ್ಟು ಹಿಂದಿದ್ದ ಹಣ್ಣು ತಾಟಿನ ಲೆಕ್ಕದಲ್ಲಿ ನಾಲ್ಕು ಪಟ್ಟು ಮುಂದೆ ಬಂತು. ಪ್ರೋಟೀನಿನಲ್ಲೂ ಬೀಜದ ಮೇಲುಗೈ ಉಳಿಯುವುದಿಲ್ಲ. ಯಾವ ಆಹಾರವನ್ನು ಹೋಲಿಸುವಾಗಲೂ ಈ ಎರಡನೇ ತೂಕವನ್ನೇ ನಂಬಿ.

3. ಪ್ರತಿಯೊಂದರಿಂದ ಅದರದೇ ಕೆಲಸ ಪಡೆಯಿರಿ.
ಪೇರಲದ ದೊಡ್ಡ ಆಸ್ತಿ ಸಿ ಜೀವಸತ್ವ. ನೂರು ಗ್ರಾಂ ಹಣ್ಣಿನಲ್ಲಿ 200 ಮಿಲಿಗ್ರಾಂಗೂ ಹೆಚ್ಚು, ಕಿತ್ತಳೆಯ ಸುಮಾರು ನಾಲ್ಕು ಪಟ್ಟು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2020ರಲ್ಲಿ ಶಿಫಾರಸು ಮಾಡಿದ ಪ್ರಮಾಣ ಗಂಡಸರಿಗೆ ದಿನಕ್ಕೆ 80, ಹೆಂಗಸರಿಗೆ 65 ಮಿಲಿಗ್ರಾಂ. ಅರ್ಧ ಪೇರಲವೇ ಸಾಕಾಯಿತು. ಅಗಸಿಯಲ್ಲಿ ಈ ಜೀವಸತ್ವ ಇಲ್ಲವೆನ್ನುವಷ್ಟು ಕಡಿಮೆ. ಅಗಸಿಯ ಆಸ್ತಿಯೇ ಬೇರೆ: ಒಂದು ದೊಡ್ಡ ಚಮಚದಲ್ಲಿ ಒಂದೂವರೆ ಗ್ರಾಂಗೂ ಹೆಚ್ಚು ಒಮೆಗಾ-3 ಕೊಬ್ಬು. ಮೀನು ತಿನ್ನದ ಮನೆಗಳಿಗೆ ಇದು ದೊಡ್ಡ ಆಸರೆ. ಒಂದರ ಕೆಲಸವನ್ನು ಇನ್ನೊಂದು ಮಾಡಲಾರದು.

4. ಅಗಸಿಯನ್ನು ಹುರಿಯಿರಿ, ಪುಡಿ ಮಾಡಿ, ಬೇಗ ಮುಗಿಸಿ.
ಇಡೀ ಅಗಸಿಗೆ ಗಟ್ಟಿ ಸಿಪ್ಪೆ. ಜಗಿಯದೆ ನುಂಗಿದರೆ ಬಹುಪಾಲು ಹಾಗೆಯೇ ಹೊರಗೆ ಹೋಗುತ್ತದೆ. ನಮ್ಮ ಅಜ್ಜಿಯಂದಿರು ಹದವಾಗಿ ಹುರಿದು, ಬೆಳ್ಳುಳ್ಳಿ, ಖಾರಪುಡಿ, ಉಪ್ಪು ಸೇರಿಸಿ ಕುಟ್ಟಿದ್ದರಿಂದ ರುಚಿಯೂ ಬಂತು, ಸತ್ವವೂ ಮೈಗೆ ಹತ್ತಿತು. ಆದರೆ ಪುಡಿಯಾದ ಮೇಲೆ ಅದರ ಎಣ್ಣೆಗೆ ಗಾಳಿ ತಾಗಿ ಕನರು ವಾಸನೆ ಬರುತ್ತದೆ. ಒಂದೆರಡು ವಾರಕ್ಕಾಗುವಷ್ಟೇ ಮಾಡಿ ಬಿಗಿ ಮುಚ್ಚಳದ ಡಬ್ಬಿಯಲ್ಲಿಡಿ. ಕನರಿದ ಹಿಂಡಿಯನ್ನು ಉಳಿಸಿಕೊಳ್ಳಬೇಡಿ.

5. ಪೇರಲವನ್ನು ಸಿಪ್ಪೆ ಸಮೇತ, ಹಸಿಯಾಗಿ ತಿನ್ನಿ.
ಸಿ ಜೀವಸತ್ವ ಸಿಪ್ಪೆಯ ಬಳಿ ದಟ್ಟವಾಗಿರುತ್ತದೆ. ಬಿಸಿಗೂ ಗಾಳಿಗೂ ಅದು ಬೇಗ ಸೋಲುತ್ತದೆ. ಚೆನ್ನಾಗಿ ತೊಳೆದು, ತಿನ್ನುವ ಹೊತ್ತಿಗೇ ಹೆಚ್ಚಿ. ರಸ ಹಿಂಡಿ ಸೋಸಿದರೆ ನಾರು ಜರಡಿಯಲ್ಲೇ ಉಳಿದುಬಿಡುತ್ತದೆ. ಗಾಡಿಯವರು ಉದುರಿಸುವ ಉಪ್ಪು ಖಾರ ರುಚಿಯೇ ಸರಿ, ರಕ್ತದೊತ್ತಡ ಇದ್ದವರು ಉಪ್ಪು ಬೇಡವೆಂದು ಹೇಳಿ.

6. ಊಟವಾದೊಡನೆ ಚಹಾ ಬಿಡಿ, ಪೇರಲದ ಹೋಳು ಹಿಡಿಯಿರಿ.
ಜೋಳದ ರೊಟ್ಟಿ, ಕಾಳುಪಲ್ಯ, ಸೊಪ್ಪು, ಅಗಸಿ ಹಿಂಡಿ ಎಲ್ಲದರಲ್ಲೂ ಕಬ್ಬಿಣಾಂಶ ಇದೆ. ಆದರೆ ಸಸ್ಯಗಳ ಕಬ್ಬಿಣವನ್ನು ದೇಹ ಸುಲಭವಾಗಿ ಹೀರಿಕೊಳ್ಳುವುದಿಲ್ಲ. ಕಾಳು ಬೀಜಗಳಲ್ಲಿರುವ ಫೈಟಿಕ್ ಆಮ್ಲವೂ ಚಹಾದ ಒಗರೂ ಅದನ್ನು ತಡೆಯುತ್ತವೆ, ಸಿ ಜೀವಸತ್ವ ಆ ಬಾಗಿಲು ತೆರೆಯುತ್ತದೆ. ಹಣ್ಣು ಬೀಜಗಳ ಹೋಲಿಕೆ ಕಲಿಸುವ ದೊಡ್ಡ ಪಾಠ ಇದೇ: ಒಂದೇ ಊಟದಲ್ಲಿ ಕೂಡಿದಾಗ ಎರಡರ ಬೆಲೆಯೂ ಏರುತ್ತದೆ. ರಕ್ತಹೀನತೆ ಕಾಡುವ ಹೆಣ್ಣುಮಕ್ಕಳ ಮನೆಯಲ್ಲಿ ಈ ಸೂತ್ರವನ್ನು ಗೋಡೆಯ ಮೇಲೆ ಬರೆದಿಡಿ. ಚಹಾ ಒಂದು ತಾಸು ಕಾಯಲಿ.

7. ಮಿತಿ ಅರಿತು ತಿನ್ನಿ.
ಅಗಸಿ ದಿನಕ್ಕೆ ಒಂದೆರಡು ಚಮಚ ಸಾಕು. ಅದರ ನಾರು ನೀರು ಹೀರಿ ಉಬ್ಬುತ್ತದೆ, ಹೀಗಾಗಿ ನೀರು ಹೆಚ್ಚು ಕುಡಿಯಿರಿ. ರಕ್ತ ತೆಳುವಾಗಿಸುವ ಗುಳಿಗೆ ತೆಗೆದುಕೊಳ್ಳುವವರು, ಗರ್ಭಿಣಿಯರು ಅಗಸಿ ಹೆಚ್ಚಿಸುವ ಮೊದಲು ವೈದ್ಯರನ್ನು ಕೇಳಲಿ. ಪೇರಲದಲ್ಲಿ ಪೊಟ್ಯಾಸಿಯಂ ಸಾಕಷ್ಟಿದೆ, ಮೂತ್ರಪಿಂಡದ ತೊಂದರೆ ಇದ್ದವರೂ ಕೇಳಿಯೇ ತಿನ್ನಲಿ.

8. ಆಹಾರವನ್ನು ಔಷಧದ ಜಾಗದಲ್ಲಿ ಕೂರಿಸಬೇಡಿ.
ನಮ್ಮ ನವನಗರದಲ್ಲೇ ಕರ್ನಾಟಕ ಕ್ಯಾನ್ಸರ್ ಚಿಕಿತ್ಸೆ ಮತ್ತು ಸಂಶೋಧನಾ ಸಂಸ್ಥೆ ಇದೆ. ದೂರದೂರದ ಊರುಗಳಿಂದ ಕುಟುಂಬಗಳು ಆಸೆ ಹೊತ್ತು ಇಲ್ಲಿಗೆ ಬರುತ್ತವೆ. ಅಗಸಿ ತಿಂದರೆ ಗಡ್ಡೆ ಕರಗುತ್ತದೆ ಎಂಬ ಸಂದೇಶ ಮೊಬೈಲಿಗೆ ಬಂದರೆ ಮುಂದಕ್ಕೆ ಕಳಿಸಬೇಡಿ. ಒಳ್ಳೆಯ ಊಟ ದೇಹಕ್ಕೆ ಬಲ ಕೊಡುತ್ತದೆ, ಚಿಕಿತ್ಸೆಯ ಜಾಗ ಚಿಕಿತ್ಸೆಗೇ ಇರಲಿ.

ಇಷ್ಟೂ ಸೂತ್ರಗಳಿಗೆ ಬೇಕಾದ ಸಾಮಾನು ಕೈಗೆಟಕುವಷ್ಟು ಹತ್ತಿರವಿದೆ. ಕಾಳುಕಡಿಯ ದೊಡ್ಡ ಮಾರುಕಟ್ಟೆ ಪಕ್ಕದ ಅಮರಗೋಳದಲ್ಲಿದೆ, ಪೇರಲ ಧಾರವಾಡದ ಸುತ್ತಲಿನ ತೋಟಗಳಿಂದ ಬರುತ್ತದೆ. ನವನಗರದ ಕಾನೂನು ವಿಶ್ವವಿದ್ಯಾಲಯಕ್ಕೆ ಓದಲು ಬಂದು ಖೋಲಿ ಹಿಡಿದಿರುವ ಹುಡುಗ ಹುಡುಗಿಯರ ಜೇಬಿಗೂ ಇದು ಭಾರವಲ್ಲ. ನಾಳೆ ಮಧ್ಯಾಹ್ನ ಎರಡು ರೊಟ್ಟಿ, ಪಲ್ಯ, ಗಟ್ಟಿ ಮೊಸರಿನಲ್ಲಿ ಕಲಸಿದ ಒಂದು ಚಮಚ ಅಗಸಿ ಹಿಂಡಿ, ಕೊನೆಗೆ ಅರ್ಧ ಪೇರಲ. ಉಳಿದರ್ಧವನ್ನು ಪಕ್ಕದಲ್ಲಿ ಉಣ್ಣುತ್ತಿರುವವರ ತಾಟಿಗೆ ಹಾಕಿ.