ಒಳಅಂಚು ಸವೆದ ಟೈರು

ಕೊಪ್ಪ–ಶೃಂಗೇರಿ ನಡುವೆ ದಿನವೂ ಓಡಾಡುವ ನಿಮ್ಮ ಕಾರಿನ ಮುಂದಿನ ಟೈರು ಒಳಬದಿಯಲ್ಲಷ್ಟೇ ಸವೆದಿದ್ದರೆ ಮೊದಲ ಅನುಮಾನ ಗಾಳಿಯ ಮೇಲಲ್ಲ, ಅಲೈನ್‌ಮೆಂಟ್ ಮೇಲೆ. ಗಾಳಿ ಕಮ್ಮಿಯಾದರೆ ಎರಡೂ ಅಂಚು ಸವೆಯುತ್ತವೆ, ಹೆಚ್ಚಾದರೆ ನಡುಭಾಗ. ಮಳೆಗಾಲದ ಗುಂಡಿಗೆ ಚಕ್ರ ಬಿದ್ದು ಅಲೈನ್‌ಮೆಂಟ್ ತಪ್ಪಿರಬಹುದು. ಅದನ್ನು ಸರಿಮಾಡಿಸದೆ ಹೊಸ ಟೈರು ಹಾಕಿದರೆ ಅದೂ ಹಾಗೇ ಸವೆಯುತ್ತದೆ.

ನನಗೆ ಹೆಚ್ಚು ಆತಂಕ ತಂದದ್ದು ನೀವು ಪತ್ರದ ಕೊನೆಯಲ್ಲಿ ಬರೆದ, ಟೈರಿನ ಪಕ್ಕದಲ್ಲಿ ಎದ್ದಿರುವ ನಿಂಬೆಹಣ್ಣಿನಷ್ಟು ಉಬ್ಬು. ಒಳಗಿನ ನೂಲು ಹರಿದಿದೆ. ಪಂಕ್ಚರ್ ಅಂಗಡಿಯಲ್ಲಿ ಅದು ರಿಪೇರಿಯಾಗದು. ಇವತ್ತೇ ಸ್ಟೆಪ್ನಿ ಹಾಕಿ. ಆ ಟೈರಿನಲ್ಲಿ ಎನ್.ಆರ್. ಪುರಕ್ಕೂ ಹೋಗಬೇಡಿ, ಘಾಟಿಯಂತೂ ಬೇಡವೇ ಬೇಡ.

ಕಾರಿನ ಟೈರಿನ ಗೆರೆ ಕನಿಷ್ಠ 1.6 ಮಿ.ಮೀ. ಆಳವಿರಬೇಕೆಂಬುದು ಕಾನೂನು. ನಮ್ಮ ಮಳೆಗೆ 3 ಮಿ.ಮೀ.ಗೇ ಬದಲಿಸಿ ಎನ್ನುತ್ತೇನೆ. ಗಾಳಿಯನ್ನು ಬೆಳಿಗ್ಗೆ, ಟೈರು ತಣ್ಣಗಿರುವಾಗಲೇ ನೋಡಿ, ಸ್ಟೆಪ್ನಿಯದ್ದೂ ಸೇರಿಸಿ.