ವಿದೇಶಿ ವೈದ್ಯಪದವಿ: ಹೊರಡುವ ಮುನ್ನ ಅರಿಯಬೇಕಾದುದು

ಮಕ್ಕಳನ್ನು ವೈದ್ಯ ವ್ಯಾಸಂಗಕ್ಕಾಗಿ ವಿದೇಶಕ್ಕೆ ಕಳುಹಿಸಬಹುದೇ ಎಂದು ಪುರವರ ಭಾಗದ ಭಕ್ತರು ನಮ್ಮನ್ನು ಕೇಳುವುದುಂಟು. 2022ರ ಮಾರ್ಚ್ 1ರಂದು ಹಾವೇರಿ ಜಿಲ್ಲೆಯ ಚಳಗೇರಿಯ ವಿದ್ಯಾರ್ಥಿಯೊಬ್ಬರು ಉಕ್ರೇನಿನ ಖಾರ್ಕಿವ್‌ನಲ್ಲಿ ಯುದ್ಧಕ್ಕೆ ಬಲಿಯಾದರು. ಅಲ್ಲಿಂದ ಅರ್ಧದಲ್ಲೇ ಮರಳಿದವರನ್ನು ವ್ಯಾಸಂಗದ ನಿಯಮಗಳ ಚಿಂತೆ ಕಾಡಿತು. ಆದಕಾರಣ ನಿಯಮಗಳನ್ನು ಮೊದಲೇ ಅರಿಯುವುದು ಲೇಸು.

ವಿದೇಶಿ ಪದವಿ ದೊರೆತ ಮಾತ್ರಕ್ಕೆ ಇಲ್ಲಿ ಚಿಕಿತ್ಸೆ ನೀಡುವ ಅಧಿಕಾರ ಬಾರದು. ಹೊರಡುವ ಮುನ್ನವೇ ನೀಟ್ ಪರೀಕ್ಷೆಯಲ್ಲಿ ಅರ್ಹತೆ ಪಡೆದಿರಬೇಕು. 2021ರ ನವೆಂಬರ್ 18ರಂದು ಜಾರಿಗೆ ಬಂದ ನಿಯಮದನ್ವಯ ವ್ಯಾಸಂಗವು ಇಂಗ್ಲಿಷ್ ಮಾಧ್ಯಮದಲ್ಲಿ ಕನಿಷ್ಠ 54 ತಿಂಗಳು ನಡೆದಿರಬೇಕು. ಅದೇ ಸಂಸ್ಥೆಯಲ್ಲಿ 12 ತಿಂಗಳ ಇಂಟರ್ನ್‌ಶಿಪ್ ಮುಗಿದಿರಬೇಕು. ಆ ದೇಶದ ಪ್ರಜೆಗಳಂತೆಯೇ ಅಲ್ಲಿ ವೃತ್ತಿ ನಡೆಸುವ ಅರ್ಹತೆಯೂ ಇರಬೇಕು. ಮರಳಿದ ಬಳಿಕ ಎಫ್‌ಎಂಜಿಇ ಎಂಬ ಅರ್ಹತಾ ಪರೀಕ್ಷೆಯಲ್ಲಿ 300ಕ್ಕೆ 150 ಅಂಕ ಗಳಿಸಿ, ಇಲ್ಲಿಯೂ 12 ತಿಂಗಳ ಇಂಟರ್ನ್‌ಶಿಪ್ ಪೂರೈಸಿ, ಕರ್ನಾಟಕ ವೈದ್ಯಕೀಯ ಪರಿಷತ್ತಿನಲ್ಲಿ ನೋಂದಾಯಿಸಿಕೊಳ್ಳಬೇಕು.

ನಮ್ಮ ಬಿ.ಎ.ಎಂ.ಎಸ್. ಪದವಿಗೂ ನಾಲ್ಕೂವರೆ ವರ್ಷದ ಪಾಠ, ಒಂದು ವರ್ಷದ ಇಂಟರ್ನ್‌ಶಿಪ್, ಅನಂತರ ನೋಂದಣಿ ಎಂಬ ಕ್ರಮವಿದೆ. ಇದು ರೋಗಿಯ ಪ್ರಾಣಕ್ಕೆ ಕಾವಲು. ಇದನ್ನು ಅಡ್ಡಿಯೆಂದು ಭಾವಿಸಲಾಗದು. ಮಧ್ಯವರ್ತಿಯ ಮಾತು ನಂಬಿ ಹೊಲ ಮಾರುವ ಮುನ್ನ, ಈ ಒಂದೊಂದು ಷರತ್ತಿಗೂ ಆ ಕಾಲೇಜಿನಿಂದ ಲಿಖಿತ ಉತ್ತರ ಪಡೆದು ಪರಿಶೀಲಿಸಿರಿ.