ತುಕ್ಕು ಹಿಡಿದ ಪಿನ್ನಿನ ಲೆಕ್ಕ

ಪಾರ್ಸಲ್ ಬಾಗಿದೆ ಎಂಬುದು ಗೇಟಿನ ಹತ್ತಿರವೇ ಗೊತ್ತಾಯಿತು. ಕೊಡಲು ಬಂದ ಹುಡುಗ ಅದನ್ನು ಚೀಲದಿಂದ ಎಳೆದು ತೆಗೆದಾಗ ರೊಟ್ಟಿ ಮಡಚಿದ ಹಾಗೆ ನಡುವೆ ಗೆರೆ ಬಿದ್ದಿತ್ತು. ಒಳಗೆ ಒಂದು ತೆಳು ಪ್ಲಾಸ್ಟಿಕ್ ಚೀಲ, ಅದರೊಳಗೆ ನಾನು 2,800 ರೂಪಾಯಿ ಕೊಟ್ಟು ತರಿಸಿದ ಕನ್ನಡದ ಅಮರ ಚಿತ್ರ ಕಥೆ. ಹಿಂದೆ ಮುಂದೆ ರಟ್ಟಿನ ಆಸರೆ ಇಲ್ಲ. ಮೊದಲ ಮುದ್ರಣ, ಒಳ್ಳೆಯ ಸ್ಥಿತಿ ಎಂದು ಮಾರಿದವರು ಬರೆದಿದ್ದರು. ಹಣ ಹತ್ತು ದಿನ ಮೊದಲೇ ಹೋಗಿತ್ತು.

ಮೇಜಿನ ಮೇಲಿಟ್ಟು ನಿಧಾನವಾಗಿ ತೆರೆದೆ. ನಡುವಿನ ಹಾಳೆಯಲ್ಲಿ ಎರಡು ಪಿನ್ನು ಬೆಳ್ಳಗೆ ಹೊಳೆಯುತ್ತಿದ್ದವು. ಅವುಗಳ ಪಕ್ಕದಲ್ಲೇ, ಎಳ್ಳುಕಾಳಿನಷ್ಟು ದೂರದಲ್ಲಿ, ಕಾಗದದ ಮೇಲೆ ಕಂದು ಬಣ್ಣದ ಎರಡು ಗೀಟು. ಹಳೆಯ ಪಿನ್ನು ವರ್ಷಗಟ್ಟಲೆ ತುಕ್ಕು ಹಿಡಿದು ಬಿಟ್ಟುಹೋದ ಗುರುತು ಅದು. ಯಾರೋ ಅದನ್ನು ಕಿತ್ತು ಹೊಸದು ಹೊಡೆದಿದ್ದಾರೆ. ಯಾಕೆ ಕಿತ್ತರು ಎಂದು ಪುಟ ಎಣಿಸಿದೆ. 32 ಇರಬೇಕಾದ ಕಡೆ 28 ಇದ್ದವು. ನಡುವಿನ ಒಂದು ಹಾಳೆ, ಅಂದರೆ ನಾಲ್ಕು ಪುಟ, ಇಲ್ಲ. ಆಮೇಲೆ ಹಿಂಬದಿಯ ಕವರ್ ನೋಡಿದೆ. ಅಲ್ಲಿ ಅಚ್ಚಾಗಿದ್ದ ಪುಸ್ತಕಗಳ ಪಟ್ಟಿಯಲ್ಲಿ ನನ್ನ ಕೈಯಲ್ಲಿದ್ದ ಪುಸ್ತಕಕ್ಕಿಂತ ಎಷ್ಟೋ ವರ್ಷ ತಡವಾಗಿ ಬಂದ ಹೆಸರುಗಳಿದ್ದವು. ಮುಂದೆ ಹುಟ್ಟುವ ಪುಸ್ತಕದ ಹೆಸರು ಮೊದಲ ಮುದ್ರಣದ ಬೆನ್ನಿನ ಮೇಲೆ ಬರಲು ಸಾಧ್ಯವಿಲ್ಲ. ಅದು ಮರುಮುದ್ರಣ.

ಮಾರಿದವರಿಗೆ ಮೆಸೇಜು ಹಾಕಿದೆ. ‘ಫೋಟೊ ನೋಡೇ ತಗೊಂಡಿದ್ದೀರಿ’ ಎಂದು ಉತ್ತರ ಬಂತು. ಮರುದಿನ ಆ ಖಾತೆಯೇ ಇರಲಿಲ್ಲ. ಫೋಟೊ ಎರಡೇ ಇದ್ದವು, ಮುಂದಿನ ಕವರ್ ಒಂದು, ಒಳಗಿನ ಪುಟ ಒಂದು. ಹಿಂಬದಿಯ ಕವರನ್ನೂ ನಡುವಿನ ಪಿನ್ನನ್ನೂ ತೋರಿಸಿ ಎಂದು ನಾನು ಕೇಳಬೇಕಿತ್ತು. ಅಷ್ಟು ಕೇಳಿದ್ದರೆ 2,800 ರೂಪಾಯಿ ಉಳಿಯುತ್ತಿತ್ತು.

ಈ ಪುಸ್ತಕಗಳ ಹಿಂದೆ ನಾನೇಕೆ ಬಿದ್ದಿದ್ದೇನೆ ಎಂಬುದನ್ನು ಹೇಳಬೇಕು. ಅಮರ ಚಿತ್ರ ಕಥೆ ಎಂದರೆ ಮುಂಬೈ, ಅನಂತ ಪೈ, 1967 ಎಂದು ನಾವೆಲ್ಲ ಓದಿಕೊಂಡಿದ್ದೇವೆ. ಆದರೆ ಆ ಸರಣಿಯ ಮೊದಲ ಹೆಜ್ಜೆ ಬಿದ್ದದ್ದು ನಮ್ಮ ಭಾಷೆಯಲ್ಲಿ. 1965ರಲ್ಲಿ ಬೆಂಗಳೂರಿನ ಇಂಡಿಯಾ ಬುಕ್ ಹೌಸ್‌ನಲ್ಲಿದ್ದ ಜಿ.ಕೆ. ಅನಂತರಾಮ್ ಅವರು ಕನ್ನಡದಲ್ಲಿ ಚಿತ್ರಕಥೆಗಳನ್ನು ಹೊರತಂದರು. ಸಿಂಡರೆಲಾ, ಅಲ್ಲಾದ್ದೀನ್, ಪಿನೋಕಿಯೋ, ಹೀಗೆ ಹೊರಗಿನ ಕಥೆಗಳ ಹತ್ತು ಪುಸ್ತಕ. ರಾಮ್ ವಾಯೀರ್ಕರ್ ಚಿತ್ರ ಬರೆದ ‘ಕೃಷ್ಣ’ ಸರಣಿಯಲ್ಲಿ 11ನೆಯದಾಗಿರುವುದು ಅದಕ್ಕೇ. ಇಂಗ್ಲಿಷಿನಲ್ಲಿ ಸಂಗ್ರಹಿಸುವವರು ಪಟ್ಟಿ 11ರಿಂದ ಶುರುವಾಗುವುದನ್ನು ಕಂಡು ಚಕಿತರಾಗುತ್ತಾರೆ. ಆ ಖಾಲಿ ಜಾಗದಲ್ಲಿ ಕನ್ನಡ ಇದೆ. ಆ ಹತ್ತರಲ್ಲಿ ಒಂದನ್ನಾದರೂ ಕೈಯಲ್ಲಿ ಹಿಡಿಯಬೇಕೆಂಬುದು ನನ್ನ ಬಹುದಿನದ ಆಸೆ. ಇನ್ನೂ ಸಿಕ್ಕಿಲ್ಲ.

ನಮ್ಮ ಮನೆ ಕಲಬುರಗಿಯ ಐವಾನ್-ಎ-ಶಾಹಿಯಲ್ಲಿ. ನಿಜಾಮರ ಕಾಲದ ಅತಿಥಿಗೃಹದಿಂದ ಬಡಾವಣೆಗೆ ಈ ಹೆಸರು. ಸ್ಟೇಷನ್ನಿನಿಂದ ಆ ಕಟ್ಟಡದ ತನಕ ಹಳಿ ಹಾಕಿದ್ದರು, ನಿಜಾಮರ ಗಾಡಿ ಬಾಗಿಲಿಗೇ ಬರುತ್ತಿತ್ತು ಎಂದು ಹಿರಿಯರು ಹೇಳುತ್ತಿದ್ದರು. ನಮ್ಮ ತಂದೆ ತಿಂಗಳ ಸಂಬಳದ ದಿನ ಅದೇ ಸ್ಟೇಷನ್ನಿನ ಪುಸ್ತಕದ ಅಂಗಡಿಯಿಂದ ಒಂದು ಇಂದ್ರಜಾಲ ಕಾಮಿಕ್ಸ್ ತರುತ್ತಿದ್ದರು. ಅದರೊಳಗಿನ ಫ್ಯಾಂಟಮ್ಮನ ನಾಡು ಡೆಂಕಾಲಿ ಎಲ್ಲಿದೆ ಎಂದು ನಾನು ಭೂಪಟದಲ್ಲಿ ಹುಡುಕಿದ್ದುಂಟು. ಪುಸ್ತಕ ಹರಿಯಬಾರದೆಂದು ತಾಯಿ ಅವನ್ನೆಲ್ಲ ಆಸಿಫ್ ಗಂಜಿನಲ್ಲಿ ಬೈಂಡ್ ಮಾಡಿಸಿದರು. ಬೈಂಡರು ಮೂರೂ ಅಂಚು ಕತ್ತರಿಸಿ, ಸೂಜಿ ಹಾಕಿ, ಮೇಲೆ ಕೆಂಪು ಬಟ್ಟೆ ಅಂಟಿಸಿದರು. ಸಂಗ್ರಾಹಕರ ಕಣ್ಣಿನಲ್ಲಿ ಅಂಚು ಕತ್ತರಿಸಿದ ಪುಸ್ತಕಕ್ಕೆ ಬೆಲೆ ಇಳಿದುಹೋಗುತ್ತದೆ. ಕರ್ನಾಟಕದ ಎಷ್ಟೋ ಮನೆಗಳಲ್ಲಿ ಇರುವುದು ಇಂಥ ಸಂಪುಟಗಳೇ. ಮಾರಲು ಹೊರಟವರು ದಯವಿಟ್ಟು ಹೊಲಿಗೆ ಬಿಚ್ಚಬೇಡಿ. ಬಿಚ್ಚಿದರೆ ಬಿಡಿ ಪುಸ್ತಕವೂ ಆಗುವುದಿಲ್ಲ, ಸಂಪುಟವೂ ಉಳಿಯುವುದಿಲ್ಲ. ನನ್ನ ಕೆಂಪು ಬಟ್ಟೆಯ ಸಂಪುಟಗಳನ್ನು ನಾನು ಮಾರುವುದಿಲ್ಲ.

ಈಗ ಬೆಲೆಯ ಮಾತು. 2024ರ ಏಪ್ರಿಲ್‌ನಲ್ಲಿ ಅಮೆರಿಕದಲ್ಲಿ ಸೂಪರ್‌ಮ್ಯಾನ್ ಮೊದಲು ಕಾಣಿಸಿಕೊಂಡ 1938ರ ಆ್ಯಕ್ಷನ್ ಕಾಮಿಕ್ಸ್ ಮೊದಲ ಸಂಚಿಕೆಯ ಒಂದು ಪ್ರತಿ 60 ಲಕ್ಷ ಡಾಲರಿಗೆ ಹರಾಜಾಯಿತು. ಅಂಥ ಸುದ್ದಿ ಬಂದ ವಾರ ನಮ್ಮಲ್ಲೂ ಅಟ್ಟದ ಮೇಲಿನ ಟ್ರಂಕು ಇಳಿಯುತ್ತವೆ, ವಾಟ್ಸಾಪ್ ಗುಂಪುಗಳಲ್ಲಿ ಫೋಟೊ ಓಡಾಡುತ್ತವೆ. ಆದರೆ ಅಲ್ಲಿ ವ್ಯವಸ್ಥೆಯೇ ಬೇರೆ. ಸಿಜಿಸಿಯಂಥ ಸಂಸ್ಥೆ ಪುಸ್ತಕವನ್ನು ಪರೀಕ್ಷಿಸಿ, ಹತ್ತರ ಮಾಪನದಲ್ಲಿ ಅಂಕ ಕೊಟ್ಟು, ಗಟ್ಟಿ ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿ ಮುಚ್ಚಿ ಕಳಿಸುತ್ತದೆ. ಕೊಳ್ಳುವವರು ಮಾರುವವರ ಮಾತನ್ನು ನಂಬಬೇಕಿಲ್ಲ, ಅಂಕ ನಂಬಿದರೆ ಸಾಕು. ಕನ್ನಡದ ಕಾಮಿಕ್ಸಿಗೆ ಅಂಥ ತಕ್ಕಡಿ ಇಲ್ಲ. ನನ್ನ ‘ಒಳ್ಳೆಯ ಸ್ಥಿತಿ’ ನಿಮ್ಮ ‘ಹರಕು’ ಆಗಬಹುದು. ಜಗಳವೆಲ್ಲ ಹುಟ್ಟುವುದು ಆ ಒಂದು ಶಬ್ದದಲ್ಲಿ.

ಇನ್ನೊಂದು ಮಾತು, ಇದನ್ನು ಕಲಿಯಲು ನನಗೆ ನಾಲ್ಕು ವರ್ಷ ಹಿಡಿಯಿತು. ಜಾಲದಲ್ಲಿ ಕಾಣುವುದು ಕೇಳುವ ಬೆಲೆ. ಆ ಬೆಲೆಗೆ ಯಾರಾದರೂ ಕೊಂಡರೇ ಎಂಬುದು ಅಲ್ಲಿ ಕಾಣುವುದಿಲ್ಲ. ಇ-ಬೇಯ ಭಾರತದ ತಾಣ ಇದ್ದಾಗ ಹರಾಜಿನಲ್ಲಿ ಎಷ್ಟು ಜನ ಕೂಗಿದರು, ಎಷ್ಟಕ್ಕೆ ನಿಂತಿತು ಎಂಬುದಾದರೂ ಗೊತ್ತಾಗುತ್ತಿತ್ತು. 2018ರ ಆಗಸ್ಟ್‌ನಲ್ಲಿ ಅದು ಮುಚ್ಚಿತು. ಈಗ ಫೇಸ್‌ಬುಕ್ ಗುಂಪಿನಲ್ಲಿ ‘ಬೆಲೆ ಇನ್‌ಬಾಕ್ಸ್‌ನಲ್ಲಿ’ ಎಂಬ ಸಾಲು ನೋಡುತ್ತೇವೆ. ಕೊಟ್ಟು ತಗೊಂಡ ನಿಜವಾದ ಬೆಲೆ ಇಬ್ಬರ ನಡುವೆಯೇ ಉಳಿಯುತ್ತದೆ. ಕನ್ನಡದ ಪ್ರತಿ ಕಡಿಮೆ ಅಚ್ಚಾಗಿದ್ದರಿಂದ ದುಬಾರಿ ಎಂದು ಮಾರುವವರು ವಾದಿಸುತ್ತಾರೆ. ಅಪರೂಪ ಹೌದು, ಆದರೆ ಹುಡುಕುವವರೂ ಅಷ್ಟೇ ಅಪರೂಪ. ಇಂಗ್ಲಿಷ್ ಇಂದ್ರಜಾಲಕ್ಕೆ ದಿಲ್ಲಿಯಿಂದಲೂ ಕೋಲ್ಕತ್ತದಿಂದಲೂ ಕರೆ ಬರುತ್ತದೆ. ಕನ್ನಡದ್ದನ್ನು ಕೇಳುವವರನ್ನು ಬೆರಳಲ್ಲಿ ಎಣಿಸಬಹುದು.

ನನ್ನ ಒಂದು ಮಾರಾಟದ ಲೆಕ್ಕ ಪೂರ್ತಿ ಕೊಡುತ್ತೇನೆ. ಕನ್ನಡದ ಐದು ಇಂದ್ರಜಾಲ ಸಂಚಿಕೆ ನನ್ನ ಬಳಿ ಎರಡೆರಡಾಗಿದ್ದವು. ಒಂದಕ್ಕೆ 220ರಂತೆ 1,100 ರೂಪಾಯಿ, ಅಂಚೆಗೆ 90, ಒಟ್ಟು 1,190 ಕೊಟ್ಟು ಕೊಂಡವು. ಬೇರೆಯವರು 700 ಎಂದು ಹಾಕಿದ್ದನ್ನು ನೋಡಿ ನಾನೂ ಐದಕ್ಕೆ 3,500 ಹಾಕಿದೆ. ನಾಲ್ಕು ತಿಂಗಳು ಯಾರೂ ಕೇಳಲಿಲ್ಲ. ಕೊನೆಗೆ ಬೆಂಗಳೂರಿನ ಒಬ್ಬರು 1,750ಕ್ಕೆ ಒಪ್ಪಿದರು. ಪ್ಲಾಸ್ಟಿಕ್ ಚೀಲ, ರಟ್ಟು, ಟೇಪಿಗೆ 70. ಸ್ಪೀಡ್ ಪೋಸ್ಟ್‌ಗೆ 105. ಅಂಚೆ ಕಚೇರಿಗೆ ಆಟೊ ಹೋಗಿಬರಲು 60. ಪುಸ್ತಕ ತಲುಪಿದ ಮೇಲೆ ಒಂದರ ಮೂಲೆ ಮಡಚಿದೆ ಎಂದರು, ಫೋಟೊ ಕಳಿಸಿದರು. ಮಡಚಿದ್ದು ನಿಜ. ದಾರಿಯಲ್ಲಿ ಆಗಿತ್ತೋ, ನಾನೇ ಗಮನಿಸಿರಲಿಲ್ಲವೋ ಗೊತ್ತಿಲ್ಲ. 250 ವಾಪಸು ಕೊಟ್ಟೆ. ಕೈಗೆ ಉಳಿದದ್ದು 1,265. ಅಸಲು ಕಳೆದರೆ ಲಾಭ 75 ರೂಪಾಯಿ. ದೊಡ್ಡ ತಾಣಗಳ ಮೂಲಕ ಮಾರಿದ್ದರೆ ಅವರ ಕಮಿಷನ್, ಆ ಕಮಿಷನ್ ಮೇಲೆ ಶೇ 18 ಜಿಎಸ್‌ಟಿ ಸೇರಿ ಆ ಎಪ್ಪತ್ತೈದೂ ಉಳಿಯುತ್ತಿರಲಿಲ್ಲ.

ಅಂಚೆಯ ವಿಷಯದಲ್ಲಿ ನನಗೆ ನಿಜವಾಗಿ ಸಂಕಟವಿದೆ. ಪುಸ್ತಕ ಕಳಿಸಲು ಬಡವರಿಗೂ ಎಟುಕುತ್ತಿದ್ದ ರಿಜಿಸ್ಟರ್ಡ್ ಬುಕ್ ಪೋಸ್ಟ್ 2024ರ ಡಿಸೆಂಬರ್‌ನಲ್ಲಿ ನಿಂತಿತು. 2025ರ ಸೆಪ್ಟೆಂಬರ್ 1ರಿಂದ ರಿಜಿಸ್ಟರ್ಡ್ ಪೋಸ್ಟ್ ಕೂಡ ಸ್ಪೀಡ್ ಪೋಸ್ಟ್‌ನಲ್ಲಿ ಸೇರಿಹೋಯಿತು. ನಡುವೆ 2025ರ ಮೇ ತಿಂಗಳಲ್ಲಿ ಜ್ಞಾನ ಪೋಸ್ಟ್ ಎಂಬ ಸೇವೆ ಬಂತು, 300 ಗ್ರಾಮಿಗೆ 20 ರೂಪಾಯಿಯಿಂದ ಶುರು. ಆಸೆಯಿಂದ ಹೋದೆ. ಅದು ಓದಿನ, ಸಾಹಿತ್ಯದ, ಧರ್ಮದ ಪುಸ್ತಕಗಳಿಗೆ; ನಿಯತಕಾಲಿಕಗಳಿಗೆ, ಜಾಹೀರಾತು ಇರುವ ಪ್ರಕಟಣೆಗಳಿಗೆ ಅಲ್ಲ. ಇಂದ್ರಜಾಲ ಎರಡೂ ಹೌದು. ಇನ್ನು ಸ್ಪೀಡ್ ಪೋಸ್ಟ್‌ನಲ್ಲಿ ಪಾರ್ಸಲ್ ಕಳೆದರೆ ಸಿಗುವ ಪರಿಹಾರ ನಾವು ಕಟ್ಟಿದ ಶುಲ್ಕದ ಎರಡು ಪಟ್ಟು, ಇಲ್ಲವೇ 1,000 ರೂಪಾಯಿ, ಯಾವುದು ಕಡಿಮೆಯೋ ಅದು. ಐದು ಸಾವಿರದ ಪುಸ್ತಕ 105 ರೂಪಾಯಿಯಲ್ಲಿ ಕಳಿಸಿ ಕಳೆದುಕೊಂಡರೆ 210 ಸಿಗುತ್ತದೆ. ಬೆಲೆಯ ಪುಸ್ತಕಕ್ಕೆ ಕೌಂಟರಿನಲ್ಲೇ ವಿಮೆ ಮಾಡಿಸಿ. ಸ್ವಲ್ಪ ಹಣ ಹೆಚ್ಚು ಹೋಗುತ್ತದೆ, ಹೋಗಲಿ.

ಕಟ್ಟುವುದನ್ನು ನಾನು ಹೀಗೆ ಮಾಡುತ್ತೇನೆ. ಸೀರೆಯ ಡಬ್ಬಿಯ ರಟ್ಟು ಎರಡು, ಪುಸ್ತಕಕ್ಕಿಂತ ಎಲ್ಲ ಕಡೆ ಎರಡು ಬೆರಳು ದೊಡ್ಡದು. ಪುಸ್ತಕ ಚೀಲದೊಳಗೆ, ಚೀಲವನ್ನು ಒಂದು ರಟ್ಟಿಗೆ ಅಂಟಿಸುವುದು, ಒಳಗೆ ಜಾರಬಾರದು. ಟೇಪಿನ ಅಂಟು ಪುಸ್ತಕದ ಕಡೆ ಸುಳಿಯಬಾರದು, ತೆಗೆಯುವಾಗ ಕವರಿನ ಬಣ್ಣ ಕಿತ್ತುಬರುತ್ತದೆ. ಬೇಸಿಗೆಯಲ್ಲಿ ನಮ್ಮಲ್ಲಿ 42, 43 ಡಿಗ್ರಿ. ಅಗ್ಗದ ಟೇಪು ಆ ಬಿಸಿಗೆ ಜಿಗುಟಾಗಿ ಹರಿಯುತ್ತದೆ. ಏಪ್ರಿಲ್, ಮೇಯಲ್ಲಿ ನಾನು ಏನನ್ನೂ ಕಳಿಸುವುದಿಲ್ಲ, ತರಿಸುವುದೂ ಇಲ್ಲ.

ಹಣ ತೆಗೆದುಕೊಳ್ಳುವಾಗಿನ ಮೋಸ ಬೇರೆಯದೇ. ಒಮ್ಮೆ ನಾಲ್ಕು ಚಾಚಾ ಚೌಧರಿ ಮಾರಾಟಕ್ಕೆ ಹಾಕಿದ ಅರ್ಧ ಗಂಟೆಯಲ್ಲಿ ಫೋನು ಬಂತು. ಸೈನ್ಯದಲ್ಲಿದ್ದೇನೆ, ಮಗನಿಗೆ ಬೇಕು, ಹೇಳಿದ ಬೆಲೆಯನ್ನೇ ಕೊಡುತ್ತೇನೆ ಎಂದರು. ಚೌಕಾಸಿ ಇಲ್ಲ, ಪುಟ ಎಷ್ಟಿವೆ ಎಂಬ ಪ್ರಶ್ನೆಯೂ ಇಲ್ಲ. ಹಣ ಪಡೆಯಲು ಸ್ಕ್ಯಾನ್ ಮಾಡಿ ಎಂದು ಕ್ಯೂಆರ್ ಕಳಿಸಿದರು. ಸ್ಕ್ಯಾನ್ ಮಾಡಿದಾಗ ಪಿನ್ ಕೇಳಿತು. ಅಲ್ಲಿಗೇ ನಿಲ್ಲಿಸಿದೆ. ಯುಪಿಐನಲ್ಲಿ ಪಿನ್ ಒತ್ತುವುದು ಹಣ ಕೊಡಲು, ಪಡೆಯಲು ಎಂದೂ ಅಲ್ಲ. ಹಣ ಹೋಗಿಬಿಟ್ಟಿದ್ದರೆ ನಾಚಿಕೆ ಪಡದೆ, ತಡಮಾಡದೆ 1930ಕ್ಕೆ ಫೋನು ಮಾಡಿ. ಮೊದಲ ಗಂಟೆಗಳಲ್ಲಿ ಹೇಳಿದರೆ ಹಣವನ್ನು ದಾರಿಯಲ್ಲೇ ತಡೆಯುವ ಅವಕಾಶ ಇರುತ್ತದೆ.

ತೆರಿಗೆಯ ಬಗ್ಗೆ ಓದುಗರು ಕೇಳುತ್ತಿರುತ್ತಾರೆ. ಮನೆಯ ಹಳೆಯ ಪುಸ್ತಕ ಒಂದೆರಡು ಮಾರುವುದು ಬೇರೆ, ತಿಂಗಳು ತಿಂಗಳು ಕೊಂಡು ಮಾರುವುದು ಬೇರೆ. ಎರಡನೆಯದು ವ್ಯಾಪಾರ, ಅದರ ಲಾಭ ಆದಾಯದಲ್ಲಿ ಸೇರುತ್ತದೆ. ಒಂದು ನೋಟ್‌ಬುಕ್ಕಿನಲ್ಲಿ ಕೊಂಡ ದಿನ, ಕೊಟ್ಟ ಬೆಲೆ ಬರೆದಿಡಿ. ಹೂಡಿಕೆ ಎಂದು ಇದಕ್ಕೆ ಕೈಹಾಕಬೇಡಿ. ಬ್ಯಾಂಕಿನ ಠೇವಣಿಯನ್ನು ಆಸ್ಪತ್ರೆಯ ಖರ್ಚು ಬಂದ ದಿನ ಬೆಳಿಗ್ಗೆ ಮುರಿಯಬಹುದು. ಕಾಮಿಕ್ಸ್ ಪೆಟ್ಟಿಗೆಗೆ ಗಿರಾಕಿ ಸಿಗಲು ನಾಲ್ಕು ತಿಂಗಳು ಬೇಕು ಎಂಬುದನ್ನು ಮೇಲಿನ ಲೆಕ್ಕದಲ್ಲಿ ನೋಡಿದಿರಿ.

ಈಗ ನಾನು ಮಾರುವಾಗ ಏಳು ಫೋಟೊ ಹಾಕುತ್ತೇನೆ. ಎರಡೂ ಕವರು, ಬೆನ್ನು, ಪ್ರಕಾಶಕರ ಹೆಸರು ಮತ್ತು ಬೆಲೆ ಇರುವ ಜಾಗ, ನಡುವಿನ ಪಿನ್ನು, ಅತಿ ಕೆಟ್ಟದಾಗಿರುವ ಪುಟ, ಕೊನೆಗೆ ಇಡೀ ಪುಸ್ತಕ ಹಗಲು ಬೆಳಕಿನಲ್ಲಿ. ಕೊಳ್ಳುವಾಗ ಅದೇ ಏಳನ್ನು ಕೇಳುತ್ತೇನೆ. ಪುಸ್ತಕದ ಮೇಲೆ ಅವತ್ತಿನ ದಿನಪತ್ರಿಕೆ ಇಟ್ಟು ಒಂದು ಫೋಟೊ ತೆಗೆದು ಕಳಿಸಿ ಎಂದೂ ಕೇಳುತ್ತೇನೆ. ಪುಸ್ತಕ ಕೈಯಲ್ಲೇ ಇಲ್ಲದವರು ಅಲ್ಲಿಗೆ ಸುಮ್ಮನಾಗುತ್ತಾರೆ.

ಹೋದ ಚಳಿಗಾಲದಲ್ಲಿ ಒಂದು ಬಹಾದ್ದೂರ್ ಸಂಚಿಕೆ ಹೀಗೆ ಹಾಕಿದ್ದೆ. 1976ರಲ್ಲಿ ಆಬಿದ್ ಸುರತಿ ಕಟ್ಟಿದ ಪಾತ್ರ, ಚಂಬಲ್ ಕಣಿವೆಯ ಡಕಾಯಿತರ ವಿರುದ್ಧ ನಿಂತ ನಮ್ಮದೇ ನಾಯಕ. ಮುಂಬೈಯಲ್ಲಿರುವ ಒಬ್ಬ ಕನ್ನಡಿಗರು ಫೋನು ಮಾಡಿದರು. ‘ಅಂಚೆ ಬ್ಯಾಡ್ರಿ, ಶುಕ್ರವಾರ ಉದ್ಯಾನ್ ಎಕ್ಸ್‌ಪ್ರೆಸ್‌ದಾಗ ಊರಿಗೆ ಹೊಂಟೀನಿ, ಸ್ಟೇಷನ್ನಿಗೆ ತರ್ತೀರೇನು?’ ಎಂದರು. ಮನೆಯಿಂದ ನಡೆದೇ ಹೋಗುವಷ್ಟು ಹತ್ತಿರ. ಸಂಜೆ ಪ್ಲಾಟ್‌ಫಾರ್ಮ್ ಟಿಕೆಟ್ ತಗೊಂಡು ನಿಂತೆ. ಗಾಡಿ ನಿಲ್ಲುವುದು ಎರಡು ಮೂರು ನಿಮಿಷ. ಅರವತ್ತು ದಾಟಿದ ಮನುಷ್ಯ ಬಾಗಿಲಿನಿಂದ ಇಳಿದು ಬಂದರು. ನಮಸ್ಕಾರ ಎಂದವರೇ ರಟ್ಟು ಬಿಡಿಸಿ, ಪುಸ್ತಕವನ್ನು ನೇರ ನಡುವಿಗೆ ತೆರೆದರು. ದೀಪದ ಬೆಳಕಿಗೆ ಹಿಡಿದು ಎರಡು ಪಿನ್ನಿನ ಮೇಲೆ ಹೆಬ್ಬೆರಳು ಆಡಿಸಿದರು. ಕಂದು ಪುಡಿ ಬೆರಳಿಗೆ ಹತ್ತಿತು. ‘ಮೂಲದ್ದೇ ಅದ’ ಎಂದರು. ಒಪ್ಪಿದ 1,200 ರೂಪಾಯಿಯನ್ನು ಎಣಿಸಿ ನನ್ನ ಕೈಯಲ್ಲಿಟ್ಟರು. ಗಾಡಿ ಸಿಳ್ಳೆ ಹಾಕಿತು. ಅವರು ಹತ್ತಿ ಕಿಟಕಿಯ ಪಕ್ಕ ಕೂತಾಗ ಬಹಾದ್ದೂರ್ ಮತ್ತೆ ಎರಡು ರಟ್ಟಿನ ನಡುವೆ ಇದ್ದ. ಎರಡೂ ಕೈಯಿಂದ ಅದನ್ನು ಎದೆಗೆ ಮಟ್ಟಸವಾಗಿ ಒತ್ತಿ ಹಿಡಿದಿದ್ದರು.